ಇನ್‌ಪುಟ್ ಎರರ್ ಸೊನ್ನೆಯಾಗುವ ತನಕ

ಆ ಕೋಣೆಯ ಬಾಗಿಲಿಗೆ ಒಳಗಡೆ ಹಿಡಿ ಇರಲಿಲ್ಲ. ಎಳೆದುಕೊಂಡರೆ ಟಕ್ಕೆಂದು ಬೀಗ ಬೀಳುತ್ತಿತ್ತು. ಮತ್ತೆ ತೆರೆಯಲು ಹೊರಗಿನಿಂದ ಬೀಗದಕೈ ಬೇಕು. ತೆರೆದೇ ಇಡೋಣವೆಂದರೆ, ಎಸಿ ಗಾಳಿ ಹೊರಗೆ ಹೋಗಿ ಯಂತ್ರಗಳು ಬಿಸಿಯಾಗುತ್ತವೆ ಎಂದು ಅಲ್ಲಿನ ಮ್ಯಾನೇಜರ್ ಮೊದಲ ದಿನವೇ ಗದರಿದ್ದರು. ಬೀಗದಕೈ ಇದ್ದದ್ದು ಪಕ್ಕದ ಲಿಫ್ಟ್ ನಡೆಸುತ್ತಿದ್ದ ಹಿರಿಯರ ಬಳಿ. ನೀರು ಕುಡಿಯಬೇಕೆಂದರೂ, ಬಾತ್‌ರೂಮಿಗೆ ಹೋಗಬೇಕೆಂದರೂ ನಾನು ಬಾಗಿಲು ತಟ್ಟಬೇಕು, ಲಿಫ್ಟ್ ನಾಲ್ಕನೇ ಮಹಡಿಗೆ ಬಂದಾಗ ಅವರಿಗೆ ಕೇಳಿಸಬೇಕು, ಅವರು ಬಂದು ತೆಗೆಯಬೇಕು. ಕೆಲವು ಸಲ ಇಪ್ಪತ್ತು ನಿಮಿಷ ತಟ್ಟಿದ್ದೂ ಉಂಟು.

ಇದು ೨೦೧೨ರ ಬೇಸಿಗೆಯ ಮಾತು. ನನಗಾಗ ಇಪ್ಪತ್ತಮೂರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹಿಂದಿನ ವರ್ಷ ಯಶವಂತಪುರದಲ್ಲಿ ಎರಡು ಕೋಣೆಗಳ ಒಂದು ಕಂಪನಿಗೆ ಸೇರಿದ್ದೆ. ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು, ಕೆಟ್ಟರೆ ಸರಿಪಡಿಸುವುದು ನಮ್ಮ ಕೆಲಸ. ಸೇರುವಾಗ ಎರಡು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಬರೆಸಿಕೊಂಡು, ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ಮಾಲೀಕರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಗ ಅದು ದೊಡ್ಡ ವಿಷಯವೆನಿಸಿರಲಿಲ್ಲ. ನನ್ನ ಜೊತೆ ಓದಿದ ಇನ್ನೂ ಇಬ್ಬರು ಬೇರೆ ಕಡೆ ಹಾಗೆಯೇ ಕೊಟ್ಟು ಕೂತಿದ್ದರು.

ಮಾಲೀಕರು ನನ್ನನ್ನು ಕಳಿಸಿದ್ದು ಆರ್.ಟಿ. ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ. ನಾಲ್ಕು ಮಹಡಿಯ ಕಟ್ಟಡ. ಕೆಳಗೆ ರಿಪೋರ್ಟ್ ಕೊಡುವ ಕೌಂಟರ್, ಮೇಲೆ ನನ್ನ ಕೋಣೆ. ಮೊದಲು ಪೊರಕೆ, ಫಿನಾಯಿಲ್ ಇಡುತ್ತಿದ್ದ ಜಾಗವದು. ಕಿಟಕಿಯಿಲ್ಲ. ಒಂದು ಕಬ್ಬಿಣದ ಚೌಕಟ್ಟಿನಲ್ಲಿ ರೂಟರ್, ಅದರಡಿ ಯುಪಿಎಸ್, ಒಂದು ಪ್ಲಾಸ್ಟಿಕ್ ಸ್ಟೂಲು. ಊರಿನ ಬೇರೆ ಬೇರೆ ಶಾಖೆಗಳ ಫಲಿತಾಂಶಗಳೆಲ್ಲ ಆ ರೂಟರ್ ಮೂಲಕವೇ ಬರಬೇಕು. ಬರುತ್ತಿರಲಿಲ್ಲ. ಅರ್ಧ ಬಂದು ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

ರೂಟರನ್ನು ಕೇಳಿದರೆ ಎರಡು ದೂರು ಹೇಳುತ್ತಿತ್ತು. ಒಂದು ಬಫರ್ ಫೇಲ್ಯೂರ್. ಬಂದ ಮಾಹಿತಿಯ ತುಣುಕುಗಳನ್ನು ಒಂದು ಕ್ಷಣ ಇಟ್ಟುಕೊಳ್ಳಲು ಜಾಗ ಸಾಲದೆ ಎಸೆದುಬಿಡುವುದು. ಇನ್ನೊಂದು ಇನ್‌ಪುಟ್ ಎರರ್. ತುಣುಕುಗಳು ಬಾಗಿಲಿಗೆ ಬರುವಾಗಲೇ ಒಡೆದು ಬಂದಿರುವುದು. ಎರಡಕ್ಕೂ ಒಂದೊಂದು ಸಂಖ್ಯೆ. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆ ಸಂಖ್ಯೆಗಳು ಏರುವುದನ್ನು ನೋಡುತ್ತ ಕೂರುತ್ತಿದ್ದೆ.

“ಈ ಎರಡೂ ಸೊನ್ನೆ ಆಗಿ, ಕೆಲಸದ ದಿನ ಒಂದು ಪೂರ್ತಿ ಹಂಗೇ ನಿಲ್ಬೇಕು,” ಎಂದರು ಲ್ಯಾಬಿನ ಮ್ಯಾನೇಜರ್. “ಆಮೇಲೆ ನಿಮ್ ಶೀಟಿಗೆ ಸೈನ್ ಹಾಕ್ತೀನಿ. ಅಲ್ಲೀವರೆಗೂ ನೀವು ಇಲ್ಲೇ.”

ಮಾಲೀಕರಿಗೆ ಫೋನ್ ಮಾಡಿದರೆ, “ಸೈನ್ ಇಲ್ದೆ ಆಫೀಸ್ ಕಡೆ ಬರ್ಲೇಬೇಡಿ,” ಎಂದರು.

ಮೊದಲ ವಾರ ಬಫರಿನ ಹಿಂದೆ ಬಿದ್ದೆ. ಪ್ರತಿದಿನ ಹನ್ನೊಂದಕ್ಕೆ ಸರಿಯಾಗಿ ಆ ಸಂಖ್ಯೆ ಜಿಗಿಯುತ್ತಿತ್ತು. ವಿಚಾರಿಸಿದರೆ, ಎಲ್ಲ ಶಾಖೆಗಳೂ ಬೆಳಗಿನ ಫಲಿತಾಂಶಗಳನ್ನೂ ಸ್ಕ್ಯಾನಿಂಗ್ ಚಿತ್ರಗಳನ್ನೂ ಒಟ್ಟಿಗೇ ಕಳಿಸುವುದು ಆ ಹೊತ್ತಿಗೆ. ದೊಡ್ಡ ತುಣುಕುಗಳಿಗೆಂದು ಮೀಸಲಿಟ್ಟ ಜಾಗವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಒಂದು ದಿನ ಕಾದು, ಮತ್ತೆ ಹೆಚ್ಚಿಸುತ್ತ ಹೋದೆ. ಒಮ್ಮೆಲೇ ಜಾಸ್ತಿ ಮಾಡಿದರೆ ರೂಟರಿನ ಮೆಮೊರಿಯೇ ಮುಗಿದು ಅದು ಸತ್ತು ಬೀಳುತ್ತದೆ. ಶನಿವಾರದ ಹೊತ್ತಿಗೆ ಬಫರ್ ಫೇಲ್ಯೂರ್ ನಿಂತಿತು. ಇನ್‌ಪುಟ್ ಎರರ್ ನಿಲ್ಲಲಿಲ್ಲ.

ರೂಟರಿನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ಬದಲಿಸಿದೆ. ಈ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದೆ, ಹೊರಗಿನ ಲೈನ್ ಬಂದು ಸೇರುವ ನೆಲಮಹಡಿಯ ಪೆಟ್ಟಿಗೆಯಲ್ಲಿದ್ದ ಆ ತುದಿಯದನ್ನೂ ಬದಲಿಸಿದೆ. ಕೇಬಲ್ ತಪಾಸಣೆಯ ಉಪಕರಣ ಹಚ್ಚಿದರೆ ಎಂಟೂ ತಂತಿಗೆ ಹಸಿರು ದೀಪ. ಆದರೂ ಸಂಖ್ಯೆ ಏರುತ್ತಿತ್ತು. ಐದು ನಿಮಿಷ ಸುಮ್ಮನಿದ್ದು, ಒಮ್ಮೆಲೇ ನಲವತ್ತು. ಹಿರಿಯರು ವಾಚ್‌ಮನ್ ಬಳಿ ಬಿಟ್ಟು ಹೋಗಿದ್ದ ಬೀಗದಕೈಯಿಂದ ತೆರೆಸಿಕೊಂಡು ಭಾನುವಾರವೂ ಬಂದು ಕೂತೆ. ಅಂದು ಲ್ಯಾಬಿಗೆ ರಜೆ. ಬೆಳಗಿನಿಂದ ಸಂಜೆಯ ತನಕ ಸೊನ್ನೆ. ಸಂಭ್ರಮದಿಂದ ಮನೆಗೆ ಹೋದೆ. ಸೋಮವಾರ ಒಂಬತ್ತೂವರೆಗೆಲ್ಲ ಇನ್ನೂರು ದಾಟಿತ್ತು. ಆ ಸ್ಟೂಲಿನ ಮೇಲೆ ಕೂತು ಅತ್ತದ್ದು ಅವತ್ತು.

ಅತ್ತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಂದು ಕೆಳಗೆ ಕೌಂಟರಿನ ಮುಂದೆ ಹಾದು ಬರುವಾಗ, ಗಂಡನ ರಿಪೋರ್ಟಿಗೆಂದು ಕಾಯುತ್ತಿದ್ದ ಹೆಂಗಸಿಗೆ ಕೌಂಟರಿನ ಹುಡುಗಿ ನನ್ನನ್ನು ತೋರಿಸಿದ್ದಳು. ಆಕೆ ಬಂದು ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡು, “ಆಪರೇಷನ್ ಥಿಯೇಟರ್ ಹೊರ್ಗಡೆ ಮಲಗ್ಸಿದಾರೆ ಕಣ್ರೀ. ಈ ಕಾಗ್ದ ಬರ್ದೆ ಒಳಗ್ ತಗೊಳ್ಳಲ್ವಂತೆ. ನಿಮ್ ಕೈಲಿ ಇದ್ಯಂತಲ್ಲ?” ಎಂದು ಕೇಳಿದರು. ಕೂಗಾಡಲಿಲ್ಲ. ಕೇಳಿದ್ದಷ್ಟೇ. ಕೌಂಟರಿನ ಹುಡುಗಿ ಕಡೆಗೆ ಶಾಖೆಗೆ ಫೋನ್ ಮಾಡಿ, ಅಂಕಿಗಳನ್ನು ಕೈಯಲ್ಲಿ ಬರೆದು, ಮೇಲೆ ಡಾಕ್ಟರ ಸಹಿ ಹಾಕಿಸಿ ಕೊಟ್ಟಳು.

ಮನೆಯಲ್ಲೂ ಉಸಿರಾಡುವಂತಿರಲಿಲ್ಲ. ನಾವು ಪುಟ್ಟೇನಹಳ್ಳಿಯ ಹಳಬರು. ಕೆರೆಯಾಚೆಗಿನ ನಮ್ಮ ಹೊಲಗಳಲ್ಲಿ ದೊಡ್ಡಪ್ಪ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದರು. ಅವರ ಸೈಟ್ ಆಫೀಸಿನಲ್ಲಿ ನನಗೊಂದು ಕುರ್ಚಿ ಕಾದಿತ್ತು. ಮದುವೆಯಾಗುವ ತನಕ ಅಲ್ಲಿ ಕೂತು, ಸಿಮೆಂಟ್ ಲಾರಿ ಬಂದರೆ ಬರೆದುಕೊಳ್ಳುವುದು. ಈ ಕೆಲಸ ಬಿಟ್ಟರೆ ಅಂಕಪಟ್ಟಿ ಸಿಗದು, ಅಂಕಪಟ್ಟಿಯಿಲ್ಲದೆ ಬೇರೆ ಯಾರೂ ಕೆಲಸ ಕೊಡರು, ಆಗ ಆ ಕುರ್ಚಿಯೇ ಗತಿ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಾಗಲೆಲ್ಲ ಇದನ್ನೇ ಯೋಚಿಸುತ್ತಿದ್ದೆ.

“ಯಾಕ್ ಮಗ, ಇಂಗೆ ಸೊರಗೋಗಿದ್ದೀಯ?” ಎಂದಳು ಅಮ್ಮ ಒಂದು ಸಂಜೆ. “ಬಿಟ್ಟಾಕು ಆ ಕೆಲ್ಸಾನ.”

“ಬಿಟ್ರೆ ಮಾರ್ಕ್ಸ್ ಕಾರ್ಡ್ ಕೊಡಲ್ಲ ಕಣಮ್ಮ.”

“ನಿಂದು ನಿಂಗ್ ಕೊಡಲ್ಲ ಅನ್ನಾಕೆ ಅವನ್ಯಾರು? ಕಾಗ್ದಕ್ಕೆ ಇಷ್ಟ್ ಎದ್ರಿಕೆಯಾ?”

ಅವಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡೆ.

ಮೂರನೇ ವಾರದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಲಿಫ್ಟ್ ನಿಂತಿತು. ಕೆಲಸವಿಲ್ಲದೆ ಲಿಫ್ಟಿನ ಹಿರಿಯರು ಬಂದು ನನ್ನ ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತರು. ಅವರು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ದುರಸ್ತಿಯ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಕೂರಲಾಗದೆ ಈ ಕೆಲಸಕ್ಕೆ ಬರುತ್ತಿದ್ದರು.

“ಇನ್ನೂ ಏರ್ತಾನೇ ಇದ್ಯೇನಮ್ಮ ನಿಮ್ ನಂಬರ್ರು?”

ಯುಪಿಎಸ್ ಮೇಲೆ ರೂಟರ್ ಓಡುತ್ತಲೇ ಇತ್ತು. ತಿರುಗಿ ನೋಡಿದೆ. “ಇಲ್ಲ ಸಾರ್, ಅರ್ಧ ಗಂಟೆಯಿಂದ ನಿಂತಿದೆ. ಹಿಂಗೇ ಆಟ ಆಡ್ಸುತ್ತೆ. ಭಾನುವಾರಾನೂ ನಿಂತಿತ್ತು.”

ಅವರು ಹೊಸ್ತಿಲಿನಿಂದಲೇ ಬಗ್ಗಿ ಪರದೆ ನೋಡಿದರು. ಆಮೇಲೆ, “ನಮ್ ಫ್ಯಾಕ್ಟ್ರೀಲಿ ಮೆಷಿನ್ ಕೆಟ್ರೆ ಫೋರ್‌ಮನ್ನು ಯಾವಾಗ ಕೆಡುತ್ತೆ ಅಂತ ಕೇಳ್ತಿರ್ಲಿಲ್ಲ. ಯಾವಾಗ ಸರಿಯಾಗಿರುತ್ತೆ ಅಂತ ಕೇಳೋರು,” ಎಂದರು. “ಭಾನುವಾರ ಸರಿಯಿತ್ತು. ಈಗ ಸರಿಯಾಗಿದೆ. ಈ ಎರಡು ಹೊತ್ತಲ್ಲೂ ಯಾವ್ದು ಓಡ್ತಿರ್ಲಿಲ್ಲ ಹೇಳಿ?”

ಅವರು ಹೆಬ್ಬೆರಳಿನಿಂದ ಬೆನ್ನ ಹಿಂದಿನ ಲಿಫ್ಟ್ ತೋರಿಸಿದರು.

ಕರೆಂಟ್ ಬಂದ ಮೇಲೆ ಪರೀಕ್ಷಿಸಿದೆವು. ನಾನು ಸಂಖ್ಯೆಯನ್ನು ಸೊನ್ನೆಗಿಳಿಸಿ ಕೂತೆ. ಅವರು ಖಾಲಿ ಲಿಫ್ಟನ್ನು ನೆಲಮಹಡಿಗೆ ಒಯ್ದು ಮೇಲೆ ತಂದರು. ನಲವತ್ತೊಂದು. ಮತ್ತೆ ಒಯ್ದರು, ತಂದರು. ಎಂಬತ್ತಾರು. ನಾಲ್ಕನೆಯದರಿಂದ ಎರಡನೇ ಮಹಡಿಯ ತನಕ ಮಾತ್ರ ಇಳಿದು ಬಂದರೂ ಏರಿತು. ನೆಲಮಹಡಿಗೂ ಎರಡನೆಯದಕ್ಕೂ ನಡುವೆ ಓಡಿಸಿದಾಗ ಏರಲೇ ಇಲ್ಲ. ಮೂರನೇ ಮಹಡಿ ದಾಟುವಾಗಲೇ ಏನೋ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಲಿಫ್ಟ್ ರಿಪೇರಿಯವನನ್ನು ಕರೆಸಿ, ಮೂರನೇ ಮಹಡಿಯ ಬಾಗಿಲು ತೆರೆಸಿ, ಟಾರ್ಚ್ ಹಿಡಿದು ಲಿಫ್ಟ್ ಓಡಾಡುವ ಹೊಂಡದೊಳಗೆ ನೋಡಿದೆ. ನೆಲಮಹಡಿಯಿಂದ ರೂಟರಿಗೆ ಬರುವ ಕೇಬಲನ್ನು ಮೆಟ್ಟಿಲ ಪಕ್ಕದ ಕೊಳವೆಯಲ್ಲಿ ತರುವ ಬದಲು, ಆ ಹೊಂಡದ ಗೋಡೆಗೇ ಕ್ಲಿಪ್ ಹೊಡೆದು ತಂದಿದ್ದರು. ಮೂರನೇ ಮಹಡಿಯಲ್ಲಿ ಎರಡು ಕ್ಲಿಪ್ ಕಳಚಿ ಕೇಬಲ್ ಜೋತು ಬಿದ್ದಿತ್ತು. ಲಿಫ್ಟಿನ ಜೊತೆ ತೂಗಾಡುವ ದಪ್ಪ ವೈರು ಪ್ರತಿ ಸಲ ಅದನ್ನು ಉಜ್ಜಿಕೊಂಡು ಹೋಗುತ್ತಿತ್ತು. ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ಬಣ್ಣದ ತಂತಿಗಳು ಕಾಣುತ್ತಿದ್ದವು. ಕೇಬಲಿನ ಮೇಲೆ ನಮ್ಮ ಕಂಪನಿಯ ಹಳದಿ ಚೀಟಿ ಅಂಟಿತ್ತು.

ಸಂತೋಷದಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಗುಡ್. ಹೊಸ ಕೇಬಲ್ ಕಳಿಸ್ತೀನಿ, ಮೆಟ್ಟಿಲ ಕಡೆಯಿಂದ ಎಳೀರಿ. ರಿಪೋರ್ಟಲ್ಲಿ ಮಾತ್ರ, ಲಿಫ್ಟ್ ಸಿಬ್ಬಂದಿಯ ಅಜಾಗರೂಕತೆಯಿಂದ ಕೇಬಲ್‌ಗೆ ಹಾನಿ ಅಂತ ಬರೀರಿ,” ಎಂದರು.

“ಸಾರ್, ಅವ್ರದೇನೂ ತಪ್ಪಿಲ್ಲ. ಅವ್ರೇ ಕಂಡ್ಹಿಡಿದಿದ್ದು.”

“ನಾವೇ ತಪ್ಪು ಎಳ್ದಿದ್ವಿ ಅಂತ ಬರ್ದ್ರೆ ಕಾಂಟ್ರ್ಯಾಕ್ಟ್ ಹೋಗುತ್ತೆ. ನಿಮ್ ಕಾರ್ಡ್‌ಗಳು ನನ್ ಬೀರುನಲ್ಲಿವೆ, ನೆನಪಿರ್ಲಿ.”

ಬರೆದೆ. ಅವರು ಹೇಳಿದ ಪದಗಳನ್ನೇ ಬರೆದು ಕೆಳಗೆ ಸಹಿ ಮಾಡಿದೆ. ಹೊಸ ಕೇಬಲ್ ಎಳೆದ ಮೇಲೆ ಒಂದು ದಿನ ಪೂರ್ತಿ ಸೊನ್ನೆ ನಿಂತಿತು. ಮ್ಯಾನೇಜರ್ ಹಾಳೆಯನ್ನು ಓದಿ, ಹುಬ್ಬು ಗಂಟಿಕ್ಕಿ, ಸಹಿ ಹಾಕಿದರು. ಹೊರಡುವಾಗ ಲಿಫ್ಟಿನಲ್ಲಿ ಇಳಿಯಲು ಮನಸ್ಸಾಗದೆ ಮೆಟ್ಟಿಲಿಳಿದು ಬಂದೆ. ಮೂರು ವಾರದ ಸೆರೆ ಮುಗಿದಿತ್ತು.

ಎರಡು ದಿನದ ಮೇಲೆ ಯಶವಂತಪುರದ ಆಫೀಸಿನಲ್ಲಿದ್ದಾಗ ಕೌಂಟರಿನ ಹುಡುಗಿ ಫೋನ್ ಮಾಡಿದಳು. “ಅಕ್ಕಾ, ಲಿಫ್ಟ್ ತಾತನ್ನ ತಿಂಗಳ ಕೊನೆಗೆ ಬಿಟ್ಟು ಹೋಗಿ ಅಂತ ಮೊನ್ನೇನೇ ಅಂದ್ರಂತೆ. ಕೇಬಲ್ ಹಾಳು ಮಾಡಿದ್ರು ಅಂತ. ನಿಮ್ಗೇನಾದ್ರೂ ಗೊತ್ತಾ?”

“ಬರ್ತೀನಿ ಇರು,” ಎಂದೆ. ಯಾರಿಗೂ ಹೇಳದೆ ಆಫೀಸಿನಿಂದ ಎದ್ದು ಆರ್.ಟಿ. ನಗರಕ್ಕೆ ಆಟೊ ಹಿಡಿದೆ.

ನೇರವಾಗಿ ಮ್ಯಾನೇಜರ್ ಮುಂದೆ ಹೋಗಿ ನಿಂತೆ. “ಸಾರ್, ಆ ರಿಪೋರ್ಟಲ್ಲಿ ನಾನು ಬರ್ದಿದ್ದು ಸುಳ್ಳು. ಕೇಬಲನ್ನ ಅಲ್ಲಿ ಎಳ್ದಿದ್ದೇ ತಪ್ಪು. ಎಳ್ದಿದ್ದು ನಮ್ ಕಂಪನಿ.”

“ಅವತ್ತು ಹಂಗೆ ಬರ್ದ್ರಿ, ಇವತ್ತು ಹಿಂಗೆ ಹೇಳ್ತೀರ. ಯಾವ್ದನ್ನ ನಂಬ್ಲಿ ನಾನು?”

ನ್ಯಾಯವಾದ ಪ್ರಶ್ನೆ. “ಹಳೇ ಕೇಬಲ್ ಇನ್ನೂ ಅಲ್ಲೇ ಇದೆ, ಬಂದು ನೋಡಿ ಸಾರ್,” ಎಂದಷ್ಟೇ ಹೇಳಿದೆ. ಮೂರನೇ ಮಹಡಿಯ ಬಾಗಿಲನ್ನು ಮತ್ತೆ ತೆರೆಸಿದರು. ಟಾರ್ಚಿನ ಬೆಳಕಲ್ಲಿ ಅವರು ಗೋಡೆಯುದ್ದಕ್ಕೂ ಬಡಿದ ಕ್ಲಿಪ್ಪುಗಳನ್ನೂ ಹಳದಿ ಚೀಟಿಯನ್ನೂ ಬಹಳ ಹೊತ್ತು ನೋಡಿದರು. ನನ್ನ ಕೈಯಿಂದ ಹೊಸದೊಂದು ಹಾಳೆ ಬರೆಸಿಕೊಂಡರು. ಹಿರಿಯರಿಗೆ ಕೊಟ್ಟಿದ್ದ ನೋಟಿಸನ್ನು ಸಂಜೆಯೇ ವಾಪಸ್ ಪಡೆದರು. ನನಗೆ ಕೂರಲೂ ಹೇಳಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ.

ಲ್ಯಾಬಿನ ಕೆಲಸ ನಮ್ಮ ಕಂಪನಿಯ ಕೈತಪ್ಪಿತು. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ನಾನು ಬಿಡುಗಡೆಯಾಗುತ್ತಿದ್ದೆನಲ್ಲ. ಉಳಿದ ಹನ್ನೊಂದು ತಿಂಗಳು ನೆಲಮಾಳಿಗೆಗಳಿಗೆ, ಜನರೇಟರ್ ಕೋಣೆಗಳಿಗೆ, ಬಿಸಿಲಿನ ತಾರಸಿಗಳಿಗೆ ಹುಡುಕಿ ಹುಡುಕಿ ಕಳಿಸಿದರು. ಅವಧಿ ಮುಗಿದ ದಿನ ಅಂಕಪಟ್ಟಿ ಕೇಳಿದರೆ, “ನೋಡೋಣ, ಮುಂದಿನ ವಾರ ಬನ್ನಿ,” ಎಂದರು. ಮುಂದಿನ ವಾರವೂ ಅದೇ ಮಾತು.

ಮೂರನೇ ಸಲ ಅಮ್ಮ ನನ್ನ ಜೊತೆ ಹೊರಟಳು. ಬೇಡವೆಂದರೂ ಕೇಳಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದು, ಆಫೀಸಿನ ಬಾಗಿಲಲ್ಲೇ ಕುರ್ಚಿ ಎಳೆದು ಕೂತಳು. “ನನ್ ಮಗಳ ಓದಿನ ಕಾಗ್ದ ಕೊಡೋಗಂಟ ನಾನ್ ಏಳಾಕಿಲ್ಲ,” ಎಂದಳು. ಬಂದ ಗಿರಾಕಿಗಳೆಲ್ಲ ಅವಳನ್ನು ದಾಟಿಯೇ ಒಳಗೆ ಹೋಗಬೇಕು. ಪ್ರತಿಯೊಬ್ಬರಿಗೂ ತಾನು ಯಾಕೆ ಕೂತಿದ್ದೇನೆಂದು ಕೇಳದಿದ್ದರೂ ಹೇಳುತ್ತಿದ್ದಳು. ನಾನು ನಾಚಿಕೆಯಿಂದ ಗೋಡೆ ನೋಡುತ್ತ ನಿಂತಿದ್ದೆ. ಬುತ್ತಿ ಬಿಚ್ಚುವ ಮೊದಲೇ ಮಾಲೀಕರು ಬೀರು ತೆರೆದರು. ಎರಡನೇ ಸೆಮಿಸ್ಟರಿನ ಅಂಕಪಟ್ಟಿಯನ್ನು ಫೈಲಿಗೆ ಹಾಕಲು ಪಂಚ್ ಹೊಡೆದು, ಗಣಿತದ ಅಂಕಗಳೇ ತೂತಾಗಿ ಹೋಗಿದ್ದವು.

ಮತ್ತೆ ಎರಡು ವರ್ಷಕ್ಕೆ, ಬೇರೆ ಕಂಪನಿಯಲ್ಲಿದ್ದಾಗ, ಸಕ್ಕರೆ ಪರೀಕ್ಷೆಗೆಂದು ಅಮ್ಮನನ್ನು ಕರೆದುಕೊಂಡು ಅದೇ ಲ್ಯಾಬಿಗೆ ಹೋದೆ. ಲಿಫ್ಟಿನಲ್ಲಿ ಅವರೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿಬಿಟ್ಟೆ. “ಸಾರ್, ಆ ಮೊದಲ್ನೇ ರಿಪೋರ್ಟು ಬರ್ದಿದ್ದೂ ನಾನೇ.”

“ಗೊತ್ತಮ್ಮ. ನೋಟಿಸ್ ಕೊಡೋವಾಗ್ಲೇ ತೋರ್ಸಿದ್ರು. ನಿಮ್ ಸೈನ್ ಇತ್ತು.”

“ಮತ್ತೆ ಯಾಕೆ ನನ್ನ ಏನೂ ಕೇಳ್ಲಿಲ್ಲ?”

“ನೀವಾಗೇ ಬರ್ತೀರೇನೋ ಅಂತ ನೋಡ್ತಿದ್ದೆ,” ಎಂದರು ಅವರು ಗುಂಡಿ ಒತ್ತುತ್ತ. “ಎರಡು ದಿನ ತಗೊಂಡ್ರಿ. ಆ ಎರಡು ದಿನ ಮನೇಲಿ ಏನೂ ಹೇಳಕ್ಕಾಗ್ದೆ ಕೂತಿದ್ದೆ ಕಣಮ್ಮ.”

ಎರಡನೇ ಮಹಡಿ ಬಂತು. ಅವರು ಬಾಗಿಲು ಸರಿಸಿ, ಅಮ್ಮ ಎಡವದಂತೆ ಕೈ ಅಡ್ಡ ಹಿಡಿದರು. ನಾನು ತಲೆ ತಗ್ಗಿಸಿ ಅವಳ ಹಿಂದೆ ಇಳಿದೆ.