ಭಾವನ ಕಾರಿನಲ್ಲಿ ನಾಲ್ಕನೆಯವರು

ನಮ್ಮ ಭಾವನ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೊಳಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಬದನೆಕಾಯಿಯ ಬಣ್ಣ. ಎಡಗೈ ಬೇರೆ ಯಾರದೋ ಅನ್ನುವ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ಕಾರು ಓಡಿಸುವಾಗ ಬಲಗೈ ಕಿಟಕಿಯಿಂದ ಹೊರಗೇ ಇರುತ್ತಿತ್ತು. ಎತ್ತಿನ ಬೆನ್ನು ತಟ್ಟುವ ಹಾಗೆ ಆ ಕೈಯಿಂದ ಕಾರಿನ ಬಾಗಿಲನ್ನು ತಟ್ಟುತ್ತಿದ್ದರು. ಮನುಷ್ಯರ ಬೆನ್ನು ತಟ್ಟಿದ್ದನ್ನು ನಾನು ನೋಡಿಲ್ಲ.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಕಡೂರಲ್ಲಿ ಮನೆ, ಚೌಳಹಿರಿಯೂರಿನ ಕಡೆ ತೆಂಗಿನ ತೋಟ, ಜೊತೆಗೆ ಕೊಬ್ಬರಿ ವ್ಯಾಪಾರ. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಅನ್ನುತ್ತಾರೆ. ಕೆಟ್ಟದ್ದು ಬಿಟ್ಟು ಬರೆಯಲು ಹೊರಟರೆ ಇವರ ವಿಷಯ ನಾಲ್ಕು ಸಾಲಿಗೇ ಮುಗಿದುಹೋಗುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಜ್ಜಂಪುರದಲ್ಲಿ ನನ್ನದು ಹಿಟ್ಟಿನ ಗಿರಣಿ. ಚಿಕ್ಕಂದಿನಲ್ಲಿ ಓದಲು ಆಗಲಿಲ್ಲ. ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿ ಪಾಸಾದೆ. ಅವತ್ತಿನಿಂದ ಭಾವ ನನ್ನನ್ನು ಮೇಷ್ಟ್ರೇ ಎಂದು ಕರೆಯಲು ಶುರು ಮಾಡಿದರು. ಗಿರಣಿಗೆ ಬಂದರೆ, ರಾಗಿ ಬೀಸಿಸಲು ಕಾದು ನಿಂತ ಹೆಂಗಸರ ಮುಂದೆಯೇ, "ಮೇಷ್ಟ್ರೇ, ಇವತ್ತು ಯಾವ್ ಪಾಠ? ರಾಗೀದೋ, ಜೋಳದ್ದೋ?" ಅನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು. ಹೋಗುವಾಗ ಬೀಸಿಟ್ಟ ಹಿಟ್ಟಿನಲ್ಲಿ ತಮಗೆ ಬೇಕಾದಷ್ಟು ತುಂಬಿಕೊಂಡು ಹೋಗುತ್ತಿದ್ದರು.

ಅವರಿಗೆ ಕೇಳುವ ಅಭ್ಯಾಸವೇ ಇರಲಿಲ್ಲ. ನಮ್ಮತ್ತೆಯ ಹತ್ತಿರ ಒಂದು ಹಿತ್ತಾಳೆ ಹಂಡೆ ಇತ್ತು. ನೀರು ಕಾಯಿಸಿ ಕಾಯಿಸಿ ತಳ ಕಪ್ಪಾದದ್ದು. ಇದು ನಿನಗೇ ಅಂತ ಮಗಳಿಗೆ ಬಾಯಿಮಾತಲ್ಲಿ ಹೇಳಿದ್ದರು. ಅತ್ತೆ ತೀರಿಕೊಂಡ ಮೇಲೆ ಭಾವ ಅದನ್ನು ಟೆಂಪೋಗೆ ಹಾಕಿಕೊಂಡು ಕಡೂರಿಗೆ ಹೋದರು. ಕೇಳಿದ್ದರೆ ನನ್ನ ಹೆಂಡತಿ ಕೊಟ್ಟೇ ಬಿಡುತ್ತಿದ್ದಳು. ಆಮೇಲೆ ಅವರ ಮನೆಗೆ ಹೋದಾಗ ನೋಡಿದೆವು, ಅಂಗಳದಲ್ಲಿ ಆ ಹಂಡೆಯ ತುಂಬ ನೀರು ತುಂಬಿ ಕಾರು ತೊಳೆಯುತ್ತಿದ್ದರು. ನನ್ನ ಹೆಂಡತಿ ಅವತ್ತು ಆ ಮನೆಯಲ್ಲಿ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು.

ಆ ಕಾರಿನ ವಿಷಯ ಹೇಳಬೇಕು. ಚಿಕ್ಕಮಗಳೂರಿನ ಕಡೆಯ ಎಸ್ಟೇಟಿನವರೊಬ್ಬರು ಓಡಿಸಿ ಸಾಕಾಗಿ ಮಾರಿದ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ಇತ್ತು. ನಮ್ಮ ಬೀದಿಯ ಮಕ್ಕಳು ಅದಕ್ಕೆ ಕಪ್ಪೆ ಕಾರು ಎಂದು ಹೆಸರಿಟ್ಟಿದ್ದರು. ಹಿಂದೆ ಎರಡು ಸೀಟು ಇದ್ದವು, ಹೆಸರಿಗೆ. ಒಂದೊಂದರಲ್ಲಿ ಒಂದೊಂದು ಕಾಯಿಚೀಲ ಇಡಬಹುದಿತ್ತು ಅಷ್ಟೆ. ಭಾವ ದಪ್ಪ ಆಳು. ಅದರಿಂದ ಇಳಿಯುವಾಗ ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಬೈಗುಳ ಹೊರಗೆ ಬರುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕ ಆ ಕಾರಿನಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ. ಪಕ್ಕದ ಸೀಟಿನಲ್ಲಿ ಯಾವಾಗಲೂ ಭಾವನ ಟವೆಲು, ನೀರಿನ ಬಾಟಲಿ.

ನನ್ನ ಮಗಳು ಡಿಗ್ರಿಯ ಕೊನೇ ವರ್ಷದಲ್ಲಿದ್ದಾಗ ತರೀಕೆರೆಯಿಂದ ಒಂದು ಸಂಬಂಧ ಬಂತು. ದೊಡ್ಡ ಅಂಗಡಿ, ಎರಡಂತಸ್ತಿನ ಮನೆ, ಒಬ್ಬನೇ ಮಗ. ಹುಡುಗಿಯನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಇನ್ನು ನಾವು ಹೋಗಿ ಮನೆ ನೋಡಿ ಬರಬೇಕು. ಗಿರಣಿಯವನಿಗೆ ಅಂಥ ಮನೆ ತಾನಾಗಿ ಬರುವುದು ಸುಮ್ಮನೆ ಮಾತಲ್ಲ. ನನ್ನ ಮನಸ್ಸು ಆಗಲೇ ಒಪ್ಪಿತ್ತು. ಮಗಳು ಮಾತ್ರ ಹೊರಡುವ ಹಿಂದಿನ ದಿನ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದಳು.

"ಅಪ್ಪ, ಮನೆ ಹೆಂಗಾದ್ರೂ ಇರ್ಲಿ. ಮನುಷ್ರು ಹೆಂಗವ್ರೆ ನೋಡ್ಕಂಡ್ ಬನ್ನಿ. ಅಲ್ಲಿ ಇರೋಳು ನಾನು."

ನಮ್ಮಲ್ಲಿ ಇಂಥ ಕೆಲಸಕ್ಕೆ ಸೋದರಮಾವ ಇಲ್ಲದೆ ಹೋಗುವ ಹಾಗಿಲ್ಲ. ಹುಡುಗಿಯ ತಾಯಿಯ ಅಣ್ಣ ಬಾಯಿಬಿಟ್ಟು ಆಗಲಿ ಅನ್ನಬೇಕು. ಹಾಗಾಗಿ ಭಾವನನ್ನು ಕರೆದೆವು. ಒಂದು ಓಮ್ನಿ ಮಾಡಿಕೊಂಡು ನಾಲ್ಕೈದು ಜನ ಹೋಗೋಣ ಎಂದೆ. ಬಾಡಿಗೆ ಗಾಡಿಯಲ್ಲಿ ಹೊತ್ಕೊಂಡು ಹೋಗೋಕೆ ತಾನೇನು ಹೆಣವಾ ಎಂದು ಕೇಳಿದರು. ತಮ್ಮ ಕಾರಿನಲ್ಲೇ ಹೋಗುವುದು, ಫ್ಯಾಮಿಲಿ ಟೂರ್ ಆದ ಹಾಗೂ ಆಯಿತು ಎಂದರು.

ಬೆಳಿಗ್ಗೆ ಕಡೂರಿನಿಂದ ಕಾರು ತಂದು ಗಿರಣಿಯ ಮುಂದೆ ನಿಲ್ಲಿಸಿದರು. ನಾನು ಸ್ನಾನ ಮಾಡಿ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ. ಆದರೂ ಹಿಂದಿನ ಸೀಟಿನ ಮೇಲೆ ಹಳೇ ಪೇಪರು ಹಾಸಿ, ಹಿಟ್ಟು ಮೆತ್ತಿಕೊಳ್ಳುತ್ತದೆ ಎಂದರು. ಆಗ ನನ್ನ ಹೆಂಡತಿಗೆ ಜ್ಞಾಪಕ ಬಂತು. ಅವಳು, ನಾನು, ಅವಳಣ್ಣ. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು. ಇನ್ನೊಬ್ಬರಿಗೆ ಆ ಕಾರಿನಲ್ಲಿ ಜಾಗವಿಲ್ಲ.

"ಅದಕ್ಯಾಕ್ ಯೋಚ್ನೆ? ಒಂದ್ ಕಲ್ ಇಟ್ಕಳ್ಳೇ," ಎಂದರು ಭಾವ.

ಕಲ್ಲು ಇಟ್ಟುಕೊಂಡರೆ ನಾಲ್ಕನೆಯವರು ಇದ್ದ ಲೆಕ್ಕ. ಎಲ್ಲರೂ ಹಾಗೇ ಮಾಡುತ್ತಾರೆ, ಜೇಬಿಗೆ ಒಂದು ಹರಳು ಹಾಕಿಕೊಳ್ಳುತ್ತಾರೆ. ನನ್ನ ಹೆಂಡತಿಗೆ ಮಗಳ ಮದುವೆಯ ವಿಷಯದಲ್ಲಿ ಹರಳು ಸಾಲದು ಅನ್ನಿಸಿತೇನೋ. ಗಿರಣಿಯ ಮೂಲೆಯಲ್ಲಿ ಸವೆದುಹೋದ ಬೀಸುವ ಕಲ್ಲಿನ ಒಡೆದ ತುಂಡು ಬಿದ್ದಿತ್ತು. ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು, ಮಧ್ಯೆ ಕಲ್ಲು.

ಅಜ್ಜಂಪುರದಿಂದ ತರೀಕೆರೆಗೆ ಎಷ್ಟು ಊರಿದೆಯೋ ಅಷ್ಟು ಹಂಪ್ ಇದೆ. ಕೆಲವು ಊರಿಗೆ ಎರಡೆರಡು. ನಾವು ಮೂವರೂ ಕೂತರೆ ಕಾರಿನ ಹೊಟ್ಟೆ ಹಂಪಿಗೆ ಉಜ್ಜುತ್ತಿತ್ತು. ಮೊದಲ ಹಂಪಿನಲ್ಲಿ ಕರ್ರ್ ಎಂದು ಶಬ್ದ ಬಂದದ್ದೇ ಭಾವ ತಮ್ಮ ಮೈಗೇ ಗಾಯವಾದ ಹಾಗೆ ಕೂಗಿಕೊಂಡರು. ಅಲ್ಲಿಂದ ಪ್ರತಿ ಹಂಪಿಗೂ, "ಇಳೀರಿ, ಇಳೀರಿ." ಹಿಂದಿನಿಂದ ನಾನು ಇಳಿಯಬೇಕಾದರೆ ಮುಂದೆ ಕೂತ ನನ್ನ ಹೆಂಡತಿ ಮೊದಲು ಇಳಿದು ಸೀಟು ಮಡಿಸಬೇಕು. ಅವಳು ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು, ನಾನು ಕುಂಕುಮ ಹಚ್ಚಿದ ಕಲ್ಲು ಹಿಡಿದುಕೊಂಡು, ಇಬ್ಬರೂ ನಡೆದು ಹಂಪ್ ದಾಟುವುದು. ಖಾಲಿ ಕಾರು ಗರ್ಭಿಣಿಯ ಹಾಗೆ ಮೆಲ್ಲಗೆ ಹತ್ತಿ ಇಳಿಯುವುದು. ಮತ್ತೆ ನಾವು ಒಳಗೆ ಸೇರಿಕೊಳ್ಳುವುದು. ಒಂದು ಊರಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಯಾವ ದೇವರನ್ನು ಹೊತ್ತುಕೊಂಡು ಹೊರಟಿದ್ದೀರಿ ಎಂದು ನನ್ನನ್ನು ಕೇಳಿದಳು. ಭಾವ ಒಳಗಿನಿಂದಲೇ, "ಮೇಷ್ಟ್ರ ದೇವ್ರು ಕಣಜ್ಜಿ," ಎಂದು ಹೇಳಿ ಕಾರಿನ ಬಾಗಿಲು ತಟ್ಟಿ ನಕ್ಕರು.

ಒಂದು ಕೆರೆ ಏರಿಯ ಮೇಲೆ ಫೋಟೋಗೆ ನಿಲ್ಲಿಸಿದರು. ಕಾರಿನ ಹಿಂದೆ ನಿಂತುಕೊಳ್ಳಿ ಎಂದು ನಮಗೆ ಹೇಳಿ ತಾವೇ ತೆಗೆದರು. ಆ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ. ಕಾರು ಪೂರ್ತಿ ಬಂದಿದೆ. ನಮ್ಮ ತಲೆಗಳು ಅರ್ಧ ಬಂದಿವೆ.

ಹುಡುಗನ ಮನೆಯಲ್ಲಿ ಮರ್ಯಾದೆ ಚೆನ್ನಾಗಿಯೇ ಮಾಡಿದರು. ಭಾವ ಟೀಪಾಯಿಯ ಮೇಲೆ ಕಾರಿನ ಕೀ ಇಟ್ಟು ಕಾಲು ಚಾಚಿ ಕೂತರು. ನಾನು ನೆಲದ ಕಲ್ಲಿನ ಹೊಳಪು ನೋಡುತ್ತಿದ್ದೆ. ಮುಖ ಕಾಣುತ್ತಿತ್ತು ಅದರಲ್ಲಿ. ಮಗಳು ಇಲ್ಲಿ ರಂಗೋಲಿ ಬಿಟ್ಟರೆ ಹೇಗೆ ಕಾಣಬಹುದು ಎಂದು ಯೋಚಿಸುತ್ತಿದ್ದೆ. ಕೇಸರಿಬಾತು ಬಂತು, ಕಾಫಿ ಬಂತು. ಅಷ್ಟರಲ್ಲಿ ಹೊರಗೆ ಕಾರು ಸ್ಟಾರ್ಟ್ ಆದ ಶಬ್ದ ಕೇಳಿಸಿತು. ಟೀಪಾಯಿಯ ಮೇಲೆ ಕೀ ಇರಲಿಲ್ಲ, ಹುಡುಗನೂ ಇರಲಿಲ್ಲ. ಬೀದಿಯ ಆ ತುದಿಗೆ ಹೋಗಿ, ಹಾರನ್ ಹೊಡೆದು, ತಿರುಗಿಸಿಕೊಂಡು ಬಂದು ನಿಲ್ಲಿಸಿದ.

ಹುಡುಗನ ಅಪ್ಪ ಹೆಮ್ಮೆಯಿಂದ ನಗುತ್ತಾ, "ನಮ್ಮೋನು ಹಂಗೇಯ. ಕಣ್ಣಿಗ್ ಬಿದ್ದದ್ದು ಕೈಗ್ ಬರ್ಬೇಕು," ಎಂದರು. ಆಮೇಲೆ ಭಾವನ ಕಡೆ ತಿರುಗಿ, "ಯಜಮಾನ್ರೇ, ಸೋದರಮಾವನ ಉಡುಗೊರೆ ಅಂತ ಇದೇ ಕಾರ್ ಕೊಟ್ಬಿಡಿ. ಅವ್ನಿಗೆ ಭಾಳ ಹಿಡಿಸೈತೆ," ಎಂದರು.

ಅದು ತಮಾಷೆಯೋ ನಿಜವೋ ನನಗೆ ಈಗಲೂ ಗೊತ್ತಿಲ್ಲ. ಭಾವನ ಮುಖ ಕಾರಿನ ಬಣ್ಣಕ್ಕೆ ಬಂತು. ಕಾಫಿ ಲೋಟ ಕೆಳಗಿಟ್ಟರು. ಎದ್ದು ನಿಂತರು.

"ಹುಡುಗಿ ಕೊಡಲ್ಲ. ಏಳ್ರೀ ಮೇಷ್ಟ್ರೇ."

ನಾನು ಅವರ ಕೈ ಹಿಡಿದೆ. ಹುಡುಗನ ಅಪ್ಪನಿಗೆ ಕೈ ಮುಗಿದೆ. ತಮಾಷೆಗೆ ಅಂದದ್ದು ಎಂದು ಅವರೂ ಹೇಳಿದರು. ಭಾವ ಕೇಳಲಿಲ್ಲ. ಹುಡುಗನ ಕೈಯಿಂದ ಕೀ ಕಿತ್ತುಕೊಂಡು ಬೀದಿಯಲ್ಲಿ ನಿಂತು ನಮ್ಮನ್ನು ಕೂಗಿದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಸೋದರಮಾವನೇ ಕೊಡಲ್ಲ ಅಂದ ಮೇಲೆ ಮುಗಿಯಿತು.

ವಾಪಸು ಬರುವಾಗ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಹಿಂದಿನಿಂದ ಅವರ ದಪ್ಪ ಕುತ್ತಿಗೆಯನ್ನೇ ನೋಡುತ್ತಿದ್ದೆ. ತೊಡೆಯ ಮೇಲೆ ಕಲ್ಲಿತ್ತು. ಅಂಥ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹಂಪ್ ಬಂದಾಗೆಲ್ಲ ಆಗಲೂ ನಮ್ಮನ್ನು ಇಳಿಸಿದರು. ಅಜ್ಜಂಪುರಕ್ಕೆ ಮೊದಲಿನ ಕೊನೇ ಹಂಪಿನಲ್ಲಿ ಇಳಿದವನು ಕಾರು ಹತ್ತಲಿಲ್ಲ. ಅವರ ಕಿಟಕಿಯ ಹತ್ತಿರ ಹೋಗಿ ನಿಂತೆ. ಒಂದು ತಗಡಿನ ಡಬ್ಬಕ್ಕೋಸ್ಕರ ನನ್ನ ಮಗಳ ಬಾಳು ಹಾಳುಮಾಡಿದಿರಿ ಎಂದೆ. ಜೀವನದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅವತ್ತೇ.

ಅವರು ನನ್ನನ್ನು ನೋಡಲಿಲ್ಲ. ಹೊರಗಿದ್ದ ಕಪ್ಪು ಕೈಯಿಂದ ಬಾಗಿಲು ತಟ್ಟುವುದನ್ನು ನಿಲ್ಲಿಸಿದರು.

"ಅವ್ನು ಕೀ ಕೇಳಲಿಲ್ಲ ಕಣ್ರೀ. ತಗಂಡ," ಎಂದರು. ರಸ್ತೆ ನೋಡುತ್ತಲೇ ಹೇಳಿದರು: "ನನ್ನಂಥೋನಿಗೆ ಹೆಣ್ ಕೊಡಬಾರ್ದು."

ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಹತ್ರೀ, ಬಿಸಿಲಲ್ಲಿ ಕಾರಿನ ಪೇಂಟ್ ಹಾಳಾಗ್ತದೆ ಎಂದು ಗದರಿದರು.

ಅದಾದ ಮೇಲೆ ಅವರ ಜೊತೆ ಮಾತು ಬಿಟ್ಟೆ. ಅವರು ಕಡೂರಿನ ತುಂಬ, ತಂಗಿಯ ಮಗಳನ್ನು ತಾನೇ ಉಳಿಸಿದೆ ಎಂದು ಹೇಳಿಕೊಂಡು ಓಡಾಡಿದರು. ಕೇಳಿದವರು ಬಂದು ನನಗೆ ಹೇಳುತ್ತಿದ್ದರು. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಚೆನ್ನಾಗಿಯೇ ಇದ್ದಾರೆ ಅನ್ನುತ್ತಾರೆ. ಇರಬಹುದು. ಬೇರೆಯವರ ಮನೆಯ ಒಳಗಿನದು ನಮಗೇನು ಗೊತ್ತು? ನನ್ನ ಮಗಳು ಡಿಗ್ರಿ ಮುಗಿಸಿ ಬೀರೂರಿನಲ್ಲಿ ಒಂದು ಆಫೀಸಿನ ಕೆಲಸಕ್ಕೆ ಸೇರಿದಳು. ಭಾವ ಉಳಿಸಿದ್ದು ಕಾರನ್ನು, ಮಗಳನ್ನಲ್ಲ ಎಂದೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ಆ ಹಂಪಿನ ಹತ್ತಿರ ಕೇಳಿದ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಭಾವ ಕೊಬ್ಬರಿ ಗೋಡೌನಿನಲ್ಲಿ ಕೂತವರು ಕೂತ ಹಾಗೇ ಹೋದರು. ಹೃದಯ ನಿಂತಿತಂತೆ. ಪಡಸಾಲೆಯಲ್ಲಿ ಮಲಗಿಸಿದ್ದರು. ಎದೆಯ ಮೇಲೆ ಎರಡೂ ಕೈ ಜೋಡಿಸಿದ್ದರು, ಒಂದು ಕಪ್ಪು, ಒಂದು ಬಿಳುಪು. ನನಗೆ ಅಳು ಬರಲಿಲ್ಲ. ತಿಥಿ ಮುಗಿಸಿ ಹೊರಡುವಾಗ ಅಕ್ಕ ಆ ಹಿತ್ತಾಳೆ ಹಂಡೆಯನ್ನು ತಾವೇ ಉರುಳಿಸಿಕೊಂಡು ತಂದು ನಮ್ಮ ಆಟೋದ ಹತ್ತಿರ ನಿಲ್ಲಿಸಿದರು. ಅಂಗಳದಲ್ಲಿ ಕಾರು ನಿಂತಿತ್ತು. ನೀವು ಇದರಲ್ಲಿ ಒಂದು ದಿನವೂ ಕೂರಲಿಲ್ಲವಲ್ಲ ಅಕ್ಕ ಎಂದೆ.

"ಯಾರ್ ಕರೆದ್ರು?" ಎಂದರು ಅಕ್ಕ. ಸಿಟ್ಟಿನಲ್ಲೇನೂ ಹೇಳಲಿಲ್ಲ.

ಕಳೆದ ವರ್ಷ ಮಗಳಿಗೆ ಇನ್ನೊಂದು ಸಂಬಂಧ ಬಂತು. ಇವರದೂ ತರೀಕೆರೆಯ ಹತ್ತಿರದ ಒಂದು ಹಳ್ಳಿ. ಸಾಧಾರಣ ಮನೆ. ನಾನು, ನನ್ನ ಹೆಂಡತಿ, ನನ್ನ ತಮ್ಮ ಹೊರಟೆವು, ತಮ್ಮನ ಓಮ್ನಿಯಲ್ಲಿ. ಮತ್ತೆ ಮೂರೇ ಜನ. ನಾನು ಏನೂ ಹೇಳುವ ಮೊದಲೇ ನನ್ನ ಹೆಂಡತಿ ಗಿರಣಿಯೊಳಗೆ ಹೋಗಿ ಅದೇ ಕಲ್ಲು ತಂದಳು. ಈ ಸಲ ನನ್ನ ತೊಡೆಯ ಮೇಲೆ ಇಡಲಿಲ್ಲ. ಮುಂದಿನ ಸೀಟಿನಲ್ಲಿ ಟವೆಲು ಹಾಸಿ ಅದರ ಮೇಲೆ ಕೂರಿಸಿದಳು. "ಅಣ್ಣನ್ ಜಾಗ," ಎಂದಳು. ಅಣ್ಣನಿಗಿಂತ ಕಲ್ಲು ವಾಸಿ, ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ.

ಆ ಮನೆಯಲ್ಲಿ ತಮ್ಮನ ಕೈಯಿಂದ ಕೀ ಇಸಿದುಕೊಂಡು ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ದಂಡೆಯ ಮೇಲೆ ಇಟ್ಟೆ. ನೆಲ ಸಿಮೆಂಟಿನದು, ನೋಡುವಂಥದ್ದು ಏನೂ ಇರಲಿಲ್ಲ. ಮನುಷ್ಯರನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಹೊರಗೆ ಟ್ರ್ಯಾಕ್ಟರಿನವನು ಹಾರನ್ ಹೊಡೆದ. ನಮ್ಮ ಓಮ್ನಿ ದಾರಿಗೆ ಅಡ್ಡ ನಿಂತಿತ್ತು. ಹುಡುಗ ಎದ್ದು ಕಿಟಕಿಯ ಹತ್ತಿರ ಹೋದ. ಕೀ ಅವನ ಕೈಗೆ ಎಟಕುವಷ್ಟು ಹತ್ತಿರವಿತ್ತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ.

ಅವನು ತಿರುಗಿ ನನ್ನ ಕಡೆ ನೋಡಿ, "ಕೀ ತಗೋಬೋದಾ? ಗಾಡಿ ಪಕ್ಕಕ್ ಹಾಕ್ತೀನಿ," ಎಂದ.

ನನ್ನ ಬಾಯಿಂದ ಆಗಲಿ ಎಂದು ಬಂತು. ತಮ್ಮ ನನ್ನ ಮುಖ ನೋಡಿದ. ಒಂದು ಓಮ್ನಿಯ ಕೀ ಕೊಡುವುದಕ್ಕೆ ಸೋದರಮಾವನ ಹಾಗೆ ಯಾಕೆ ಆಗಲಿ ಅಂದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮದುವೆ ಈ ಬೇಸಿಗೆಯಲ್ಲಿ ಆಯಿತು.

ಅವತ್ತು ವಾಪಸು ಬರುವಾಗ ಅಜ್ಜಂಪುರಕ್ಕೆ ಮೊದಲಿನ ಕೊನೇ ಹಂಪ್ ಬಂತು. ತಮ್ಮ ಗಾಡಿ ನಿಧಾನ ಮಾಡಿದ. ಯಾರೂ ಇಳೀರಿ ಅನ್ನಲಿಲ್ಲ. ಆದರೂ ನನ್ನ ಕೈ ಬಾಗಿಲ ಹಿಡಿಗೆ ಹೋಗಿತ್ತು.