ಎರಡು ಮಲಪ್ರಭೆ, ಒಂದೇ ನಂಬರು

ಮಕ್ಕಳಿಗೆ ಹೆಸರಿಡುವ ಭಾಗ್ಯ ನನಗೆ ಸಿಗಲೇ ಇಲ್ಲ. ಮಗಳಿಗೆ ಅವಳ ಅಜ್ಜಿ ಇಟ್ಟರು, ಮಗನಿಗೆ ಅವನ ಸೋದರತ್ತೆ ಇಟ್ಟಳು. ನಾನು ಪೇಢೆ ಹಂಚಿದೆ. ಹೀಗಿರುವಾಗ, ಸುಮಾರು ಎರಡು ಸಾವಿರದ ಇಸವಿಯ ಹೊತ್ತಿಗೆ, ಬೆಳಗಾವಿಯ ನಮ್ಮ ಕಾಲೇಜಿಗೆ ನಲವತ್ತು ಕಂಪ್ಯೂಟರು ಬಂದು ಅವುಗಳ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಗಣಿತದ ಮಾಸ್ತರನಾದ ನನಗೆ ಈ ಕೆಲಸ ಬಂದದ್ದು ಪಾಂಡಿತ್ಯದಿಂದಲ್ಲ. ಪ್ರಿನ್ಸಿಪಾಲರ ಟೇಬಲ್ ಗಡಿಯಾರ ಸುಮ್ಮಸುಮ್ಮನೆ ಕೂಗತೊಡಗಿದರೆ ಅದರ ಬಾಯಿ ಮುಚ್ಚಿಸಲು ಬರುತ್ತಿದ್ದದ್ದು ಇಡೀ ಸ್ಟಾಫಿನಲ್ಲಿ ನನಗೊಬ್ಬನಿಗೇ.

ತಂತಿಯಿಂದ ಜೋಡಿಸಿದ ಕಂಪ್ಯೂಟರುಗಳಲ್ಲಿ ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ನಂಬರು ಬೇಕು. ಒಬ್ಬರ ನಂಬರು ಇನ್ನೊಬ್ಬರಿಗೆ ಇರಬಾರದು. ಇದ್ದರೆ ಯಾರ ಟಪಾಲು ಯಾರಿಗೆ ಕೊಡಬೇಕೆಂದು ತಿಳಿಯದೆ ಜಾಲವೇ ತಬ್ಬಿಬ್ಬಾಗುತ್ತದೆ. ಹಂಚಲು ಇಟ್ಟುಕೊಂಡ ನಂಬರುಗಳ ರಾಶಿಗೆ ಪೂಲ್ ಎನ್ನುತ್ತಾರೆ. "ಪೂಲ್ ನೋಡ್ಕೊಳ್ಳಾಕ ಹತ್ತೇನ್ರಿ ಸರ" ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಪ್ರಿನ್ಸಿಪಾಲರು ಗಾಬರಿಯಾಗಿ, "ಹುಡುಗರನ್ನ ಈಜಾಕ ಬಿಡಬ್ಯಾಡ್ರಿ ಮತ್ತ, ಪಾಲಕರು ಜಗಳಕ್ಕ ಬರ್ತಾರ" ಎಂದರು.

ನಾನು ದಪ್ಪನೆಯ ರಜಿಸ್ಟರೊಂದನ್ನು ತರಿಸಿ, ಕಪ್ಪು ಶಾಯಿಯಲ್ಲಿ, ಒಂದೊಂದು ನಂಬರಿನ ಮುಂದೆ ಒಂದೊಂದು ನದಿಯ ಹೆಸರು ಬರೆದೆ. ಉಳಿದವೆಲ್ಲ ಕೇಳಿದ್ದನ್ನು ಒದಗಿಸುವ ದೊಡ್ಡ ಯಂತ್ರಕ್ಕೆ, ಅಂದರೆ ಸರ್ವರಿಗೆ, ಹತ್ತನೆಯ ನಂಬರು; ಹೆಸರು ಮಲಪ್ರಭಾ. ಇಪ್ಪತ್ತು ದಾಟುವಷ್ಟರಲ್ಲಿ ನನಗೆ ಗೊತ್ತಿದ್ದ ನದಿಗಳು ಮುಗಿದು ಹಳ್ಳಗಳಿಗೆ ಇಳಿಯಬೇಕಾಯಿತು.

ನಮ್ಮ ಸಂಸ್ಥೆಯದೇ ಇನ್ನೊಂದು ಕಾಲೇಜು ಖಾನಾಪುರದಲ್ಲಿತ್ತು. ಅಲ್ಲಿ ಈ ಕೆಲಸ ನೋಡುತ್ತಿದ್ದವರು ಭೌತಶಾಸ್ತ್ರದ ಮಾಲತಿಬಾಯಿ. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಮೂವತ್ತು ಹುಡುಗಿಯರು ಕಂಪ್ಯೂಟರ್ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವವರಿದ್ದರು. ಪರೀಕ್ಷೆ ಬೆಳಗಾವಿಯಲ್ಲೆಂದರೆ ಅರ್ಧಕ್ಕರ್ಧ ಮನೆಗಳಲ್ಲಿ ಕಳಿಸುತ್ತಿರಲಿಲ್ಲ. ಹಿಂದಿನ ವರ್ಷ ಎಷ್ಟೋ ಹುಡುಗಿಯರು ಹಾಗೇ ಕೈಬಿಟ್ಟಿದ್ದರು. ಅದಕ್ಕೇ ಎರಡೂ ಕಾಲೇಜುಗಳನ್ನು ಟೆಲಿಫೋನ್ ಲೈನಿನಿಂದ ಜೋಡಿಸಿ ಒಂದೇ ಜಾಲ ಮಾಡಿ, ಪ್ರಶ್ನೆಪತ್ರಿಕೆಯನ್ನು ಬೆಳಗಾವಿಯಿಂದ ಕಳಿಸಿ, ಪರೀಕ್ಷೆಯನ್ನು ಖಾನಾಪುರದಲ್ಲೇ ನಡೆಸುವುದೆಂದು ಮಾಲತಿಬಾಯಿ ಹಟ ಹಿಡಿದು ಒಪ್ಪಿಸಿದ್ದರು.

ಲೈನು ಜೋಡಿಸಿದ ದಿನ ಎರಡೂ ಕಡೆಯ ಪರದೆಯ ಮೇಲೆ ಒಂದೇ ದೂರು: ಈ ನಂಬರು ಇನ್ನೊಬ್ಬರ ಹತ್ತಿರ ಇದೆ. ನಾನು ಫೋನ್ ಎತ್ತಿದೆ.

"ಬಾಯಾರ, ನಿಮ್ಮ ಸರ್ವರ್ ನಂಬರ್ ಎಷ್ಟರಿ?"

"ಹತ್ತು."

"ಹೆಸರು?"

"ಮಲಪ್ರಭಾ."

"ಅದು ನಮ್ಮದರಿ! ರಜಿಸ್ಟರಿನಾಗ ಬರದೀನಿ, ಶಾಯಿಲೇ!"

"ಅಹೋ ಸರ, ಮಲಪ್ರಭಾ ಹುಟ್ಟೂದು ನಮ್ಮ ತಾಲೂಕಿನ ಕಣಕುಂಬ್ಯಾಗ. ನಿಮ್ಮ ಬೆಳಗಾಂವ್ಯಾಗ ಹರಿಯೂದರ ಹರೀತದೇನು? ನೀವು ಮಾರ್ಕಂಡೇಯ ಅಂತ ಇಟ್ಕೋರಿ."

ಒಂದೇ ಹೆಸರಿನ ಫಜೀತಿ ನನಗೆ ಹೊಸದಲ್ಲ. ಕಾಕತಿಯ ನಮ್ಮ ಮನೆಯಲ್ಲಿ ಮುತ್ತಜ್ಜನ ಹೆಸರನ್ನು ಉಳಿಸುವ ಭಕ್ತಿಯಲ್ಲಿ ಮೂವರು ಬಸಪ್ಪಂದಿರಾಗಿದ್ದರು. ಊಟದ ಹೊತ್ತಿಗೆ "ಬಸಪ್ಪಾ" ಎಂದರೆ ಮೂವರೂ ಬರುತ್ತಿದ್ದರು. ಕಟ್ಟಿಗೆ ಒಡೆಯುವ ಹೊತ್ತಿಗೆ ಕೂಗಿದರೆ ಒಬ್ಬನೂ ಬರುತ್ತಿರಲಿಲ್ಲ. ಕಂಪ್ಯೂಟರುಗಳೂ ಹಾಗೇ ಮಾಡುತ್ತವೆಂದು ತಿಳಿದಾಗ ಅವುಗಳ ಮೇಲೆ ಒಂದು ಬಗೆಯ ಮನೆತನದ ಮಮತೆ ಹುಟ್ಟಿತು.

ಎರಡು ದಿನ ಫೋನಿನಲ್ಲಿ ಜಗಳವಾಡಿದೆವು. ಭೂಗೋಳ ಅವರ ಪರವಾಗಿತ್ತು, ನಾನು ಸೋತೆ. ಕೊನೆಗೆ ಪೂಲನ್ನು ಪಾಲು ಮಾಡಿಕೊಂಡೆವು: ನೂರರವರೆಗೆ ಬೆಳಗಾವಿಗೆ, ನೂರರ ಮೇಲಿನದು ಖಾನಾಪುರಕ್ಕೆ. ಹತ್ತು ನನಗುಳಿಯಿತು, ಹೆಸರು ಅವರಿಗೆ ಹೋಯಿತು. ರಜಿಸ್ಟರಿನಲ್ಲಿ ಶಾಯಿಯ ಮೇಲೆ ಕಾಟು ಹಾಕುವಾಗ ಆದ ಸಂಕಟವನ್ನು ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಫೋನು. "ಸರ, ಮಲಪ್ರಭಾ ಏಳವಲ್ಲಳ್ರಿ! ಗುಂಡಿ ಒತ್ತಿದ್ರ ಮಿಕ್ ಅನ್ನಂಗಿಲ್ಲ." ಪರೀಕ್ಷೆ ಹನ್ನೊಂದಕ್ಕೆ. ಮೂವತ್ತು ಹುಡುಗಿಯರು ವರಾಂಡದಲ್ಲಿ ನಿಂತಿದ್ದರು.

"ಎಲ್ಲಾರನೂ ಬಸ್ಸಿಗೆ ಹತ್ತಿಸಿ ಇಲ್ಲಿಗೆ ಕಳಸ್ರಿ" ಎಂದೆ.

"ಆಗಂಗಿಲ್ರಿ. ಬೆಳಗಾಂವಿಗೆ ಹೋಗ್ತೀವಿ ಅಂತ ಮನ್ಯಾಗ ಕೇಳಿ ಬಂದಿಲ್ಲ ಅವರು. ನಮ್ಮ ಟೈಪಿಂಗ್ ಖೋಲಿಯೊಳಗ ಒಂದು ಹಳೇ ಮಶಿನ್ ಐತಿ. ಅದಕ್ಕ ಅದ ಹೆಸರು, ಅದ ನಂಬರ್ ಕೊಟ್ರ?"

"ಆ ನಂಬರ್ ಬ್ಯಾರೇ ಮಶಿನ್‌ದು ಅಲ್ಲೇನ್ರಿ ಬಾಯಾರ! ರಜಿಸ್ಟರಿನಾಗ..."

"ಸರ, ಹುಡುಗ್ಯಾರ ಮುಂದಿನ ಕಂಪ್ಯೂಟರು ಯಾವ ಪೆಟಗಿ ಅಂತ ನೋಡಂಗಿಲ್ಲ. ಮಲಪ್ರಭಾ ಎಲ್ಲಿ ಅಂತ ಕೇಳ್ತಾವು. ಯಾರರ ಓ ಅಂದ್ರ ಸಾಕು."

ಅವರು ಹೇಳಿದ್ದು ಸರಿಯಿತ್ತು. ನನ್ನ ರಜಿಸ್ಟರಿನ ಮುನ್ನೂರು ಪುಟಗಳಲ್ಲಿ ಎಲ್ಲೂ ಅದನ್ನು ನಾನು ಬರೆದಿರಲಿಲ್ಲ. "ಕೊಡ್ರಿ" ಎಂದೆ.

ಅವರು ಹೆಸರು ಬದಲಿಸಿದರು, ನಾನು ಇಲ್ಲಿಂದ ಪರೀಕ್ಷೆಯ ಪ್ರೋಗ್ರಾಮು, ಪ್ರಶ್ನೆಪತ್ರಿಕೆ ಎಲ್ಲವನ್ನೂ ಲೈನಿಗೆ ಹಾಕಿದೆ. ಪರದೆಯ ಮೇಲಿನ ನೀಲಿ ಪಟ್ಟಿ ಇರುವೆಯಂತೆ ತೆವಳುತ್ತಿತ್ತು. ಅರ್ಧಕ್ಕೆ ಬಂದಾಗ ನಿಂತೇಬಿಟ್ಟಿತು. ನಾನು ಎದ್ದು ನಿಂತೆ. ಮತ್ತೆ ಚಲಿಸಿತು, ಕೂತೆ. ಜವಾನ ಚಹಾ ತಂದಿಟ್ಟು ನನ್ನ ಮುಖ ನೋಡಿ ಹೊರಟುಹೋದ. ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ಫೋನಿನಲ್ಲಿ ಮಾಲತಿಬಾಯಿ ಚೀರಿದರು: "ಆಲಾ ಆಲಾ! ಬಂತ್ರಿ ಸರ! ಮೂವತ್ತಕ್ಕ ಮೂವತ್ತೂ ಬಂತು!" ಹಿಂದಿನಿಂದ ಹುಡುಗಿಯರ ಗದ್ದಲ ಕೇಳಿಸಿತು. ನಾನು ಇತ್ತ ಖಾಲಿ ಲ್ಯಾಬಿನಲ್ಲಿ ಒಬ್ಬನೇ ಎರಡು ಸುತ್ತು ಓಡಿದೆ. ನಲವತ್ತಾರರ ವಯಸ್ಸಿಗೆ, ಧೋತರ ಉಟ್ಟುಕೊಂಡು.

ಹದಿನೈದು ದಿನ ಬಿಟ್ಟು ಖಾನಾಪುರಕ್ಕೆ ಹೋದೆ. ಸತ್ತಿದ್ದ ಯಂತ್ರ ರಿಪೇರಿಯಾಗಿ ಬಂದು, ಪೂಲಿನಿಂದ ಬೇರೆ ನಂಬರು ಪಡೆದು, ಪಾಂಡರಿ ಎಂಬ ಇನ್ನೊಂದು ನದಿಯ ಹೆಸರಿನಲ್ಲಿ ಸುಖವಾಗಿತ್ತು. ಅಲ್ಲೇ ಕೂತಿದ್ದ ಹುಡುಗಿಯೊಬ್ಬಳನ್ನು ಮಲಪ್ರಭಾ ಯಾವುದೆಂದು ಕೇಳಿದೆ. ಅವಳು ಕೊಳೆ ಹಿಡಿದ ಹಳೆಯ ಯಂತ್ರದತ್ತ ಕೈ ತೋರಿಸಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

ಆ ಬೇಸಿಗೆಯಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ನಾನು ಎರಡು ವಾರ ರಜೆ ಹಾಕಿದೆ. ನನ್ನ ಕುರ್ಚಿಯಲ್ಲಿ ಇತಿಹಾಸದ ಮಾಸ್ತರರು ಕೂತು, ಕರೆದವರಿಗೆ ಓ ಎಂದರು. ತಿರುಗಿ ಬಂದಾಗ ಲ್ಯಾಬು ಸರಾಗವಾಗಿ ನಡೆದಿತ್ತು, ಪ್ರಿನ್ಸಿಪಾಲರು, "ನೀವು ಊರಾಗ ಇರಲಿಲ್ಲೇನ್ರಿ?" ಎಂದು ಕೇಳಿದರು. ಒಂದು ವರ್ಷ ಹಿಂದಾಗಿದ್ದರೆ ಆ ಮಾತಿಗೆ ಎರಡು ದಿನ ಊಟ ಬಿಡುತ್ತಿದ್ದೆ. ಅವತ್ತು ಮನೆಗೆ ಹೋಗಿ ಇನ್ನೂ ಒಂದು ವಾರದ ರಜೆಗೆ ಅರ್ಜಿ ಬರೆದೆ.