ಎಲೆಯಿಲ್ಲದ ಪುಡಿ

ಹರಿಯಬ್ಬೆ ಹಳ್ಳಿಯ ಸುಚಿತ್ರಾ ನ್ಯಾನೊ ವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಎಲೆ ಹುಡುಕುವುದು. ಅವಳ ಗೈಡ್ ಪ್ರೊಫೆಸರ್ ರವೀಂದ್ರರ ಲ್ಯಾಬಿನಲ್ಲಿ ನಡೆಯುತ್ತಿದ್ದುದು ಒಂದೇ ಅಡುಗೆ. ಯಾವುದಾದರೂ ಸೊಪ್ಪಿನ ರಸವನ್ನು ಜಿಂಕ್ ನೈಟ್ರೇಟಿಗೆ ಬೆರೆಸಿ ಫರ್ನೇಸಿನಲ್ಲಿ ಕಾಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ಪುಡಿ ಬರುತ್ತಿತ್ತು. ಪುಡಿ ಪ್ರತಿ ಸಲವೂ ಅದೇ. ಎಲೆ ಬದಲಾದರೆ ಪೇಪರ್ ಹೊಸದು! ಹೊಂಗೆ, ಬೇವು, ನುಗ್ಗೆ, ತಂಗಡಿ ಎಲ್ಲವೂ ಆಗಲೇ ಒಬ್ಬೊಬ್ಬರನ್ನು ಡಾಕ್ಟರ್ ಮಾಡಿ ಮುಗಿಸಿದ್ದವು.

ಊರಿಗೆ ಬಂದು ಬೇಲಿ ಬೇಲಿ ತಿರುಗುವ ಮಗಳನ್ನು ಕಂಡು ತಾಯಿ ಪಾಲಮ್ಮ ಗಾಬರಿಯಾದಳು.

“ಎಂಥಾ ಸೊಪ್ಪು ಬೇಕವ್ವಾ? ಸಾರಿಗಾ, ಔಷಧಿಗಾ?”

“ಎರಡಕ್ಕೂ ಅಲ್ಲಮ್ಮ. ಯಾರೂ ಬರೀದೇ ಇರೋ ಸೊಪ್ಪು ಬೇಕು.”

“ಸೊಪ್ಪಿನ ಮ್ಯಾಲೆ ಯಾರ್ ಬರೀತಾರೆ!” ಎಂದು ಪಾಲಮ್ಮ ಬೇಲಿಯ ತೊಂಡೆಬಳ್ಳಿ ಎಳೆದುಕೊಟ್ಟಳು. ಲ್ಯಾಬಿಗೆ ಹೋಗಿ ಹಳೇ ಪೇಪರುಗಳಲ್ಲಿ ಹುಡುಕಿದರೆ, ತಮಿಳುನಾಡಿನವರು ತೊಂಡೆಯನ್ನೂ ಬಿಟ್ಟಿರಲಿಲ್ಲ.

ಬೇಸತ್ತು ಒಂದು ಮಧ್ಯಾಹ್ನ ರಸವನ್ನೇ ಹಾಕದೆ ನೈಟ್ರೇಟನ್ನು ಬರೀ ನೀರಿನಲ್ಲಿ ಕರಗಿಸಿ ಫರ್ನೇಸಿಗಿಟ್ಟಳು. ಪುಡಿ ಬಂತು. ಎಕ್ಸ್‌-ರೇ ಗ್ರಾಫಿನಲ್ಲಿ ಗೆರೆಗಳು ಅವೇ. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲೂ ಅದು ತಂಗಡಿ ಪುಡಿಗೇನೂ ಕಮ್ಮಿಯಿರಲಿಲ್ಲ. ಅವಳಿಗೆ ಖುಷಿಯಾಯಿತು, ಹಿಂದೆಯೇ ಹೆದರಿಕೆಯಾಯಿತು.

“ಸರ್, ಎಲೆ ಹಾಕದಿದ್ರೂ ಅದೇ ಬರ್ತೈತೆ.”

ರವೀಂದ್ರ ಎದ್ದು ಹೋಗಿ ಬಾಗಿಲು ಹಾಕಿದರು. “ಯಾರಿಗಾದ್ರೂ ಹೇಳಿದೀಯೇನಮ್ಮ? ಹೊರಗೆ ಕುಂತಿರೋರೆಲ್ಲ ಎಲೆಯಿಂದ ಡಾಕ್ಟರಾದೋರು. ನಾನೇ ಎಕ್ಕದ ಎಲೆಯೋನು.”

“ನಾನು ಇದನ್ನೇ ಬರೀತೀನಿ ಸರ್.”

ವಾರಗಟ್ಟಲೆ ಅವರು ಅವಳ ಜೊತೆ ಮಾತಾಡಲಿಲ್ಲ. ಆಮೇಲೊಂದು ದಿನ ಅವರೇ ನಗುತ್ತಾ ಕರೆದರು. ಪೇಪರ್ ಸಿದ್ಧವಾಗಿತ್ತು, ಶೀರ್ಷಿಕೆ ‘ಎಲೆಯನ್ನೂ ನೋಯಿಸದ ಅತಿಹಸಿರು ವಿಧಾನ’. ಮೊದಲ ಹೆಸರು ಅವರದು, ಎರಡನೆಯದು ಇವಳದು. ಹೊಸದುರ್ಗದ ವಿಚಾರ ಸಂಕಿರಣದಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟು ರವೀಂದ್ರರಿಗೆ ಶಾಲು ಹೊದಿಸಿದರು. “ಒಂದೂ ಎಲೆ ಕೀಳದೆ ಪ್ರಕೃತಿ ಉಳಿಸಿದ್ದೇವೆ” ಎಂದು ಅವರು ಗದ್ಗದಿತರಾದಾಗ ಹೊಂಗೆ, ನುಗ್ಗೆ, ಬೇವಿನ ಡಾಕ್ಟರರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಸುಚಿತ್ರಾ ಕೈಕಟ್ಟಿ ಕೂತಳು.

ಮಹಾಪ್ರಬಂಧದಲ್ಲಿ ಮಾತ್ರ ಅವಳು ಬಿಡಲಿಲ್ಲ. ‘ಎಲೆಯಿಂದ ಇಲ್ಲಿ ಏನೂ ಆಗಿಲ್ಲ’ ಎಂದು ನೇರವಾಗಿ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದಳು. ಪರೀಕ್ಷಕರು “ತುಂಬಾ ಚೆನ್ನಾಗಿದೆ” ಎಂದು ಊಟಕ್ಕೆ ಎದ್ದರು. ಜಗಳಕ್ಕೆ ಸಿದ್ಧಳಾಗಿ ಬಂದಿದ್ದವಳಿಗೆ ಜಗಳವಾಡಲು ಯಾರೂ ಸಿಗಲಿಲ್ಲ. ಊರಿಗೆ ಹೋಗಲು ಹಿರಿಯೂರು ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

ಈಗ ಹೊಳಲ್ಕೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ರವೀಂದ್ರರು ಆಗಾಗ ಫೋನ್ ಮಾಡುತ್ತಾರೆ. ಮುಂದಿನ ಪೇಪರಿಗೆ, ನೀರನ್ನೂ ಹಾಕದೆ ಆಗುತ್ತದಾ ಎಂದು ನೋಡಬೇಕಂತೆ.